ಐಹೊಳೆಯನ್ನು ಎತ್ತುವ ಮೊದಲು ಚರಂಡಿ ಕಟ್ಟಿ

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಗುಡಿ ಎಲ್ಲಿಗೆ ಮುಗಿದು ಮನೆ ಎಲ್ಲಿಂದ ಶುರುವಾಗುತ್ತದೆ ಎಂದು ಗೆರೆ ಎಳೆದು ಹೇಳುವುದು ಕಷ್ಟ. ಗುಡಿಯ ಹಿಂಗೋಡೆಗೆ ಮನೆಯ ಗೋಡೆ ಆತುಕೊಂಡಿರುತ್ತದೆ, ಸಾವಿರ ವರ್ಷ ದಾಟಿದ ಕಂಬದ ಪಕ್ಕದಲ್ಲೇ ಎಮ್ಮೆ ಕಟ್ಟುವ ಗೂಟ ಇರುತ್ತದೆ, ಓಣಿಯ ಬಚ್ಚಲ ನೀರು ಹರಿದು ಹೋಗಿ ನಿಲ್ಲುವುದೂ ಅದೇ ಗುಡಿಯ ಬುಡದಲ್ಲಿ. ಮಲಪ್ರಭೆಯ ದಂಡೆಯ ಈ ಸಣ್ಣ ಹಳ್ಳಿಯ ಒಳಗೂ ಸುತ್ತಲೂ 120ಕ್ಕೂ ಹೆಚ್ಚು ಗುಡಿಗಳಿವೆ. ಇವು ಉಳಿಯಬೇಕಾದರೆ ಊರನ್ನೇ ಎತ್ತಿ ಬೇರೆಡೆ ಕೂರಿಸಬೇಕು ಎಂಬ ಮಾತು ದಶಕಗಳಿಂದ ನಡೆದುಬಂದಿದೆ. ಸಮೀಕ್ಷೆ ಆಗುತ್ತದೆ, ಜಾಗ ನೋಡುತ್ತಾರೆ, ಹೇಳಿಕೆ ಬರುತ್ತದೆ, ಸರ್ಕಾರ ಬದಲಾಗುತ್ತದೆ, ಮತ್ತೆ ಮೊದಲಿನಿಂದ ಶುರು. ಈ ಮಾತು ಇತ್ಯರ್ಥವಾಗದೆ ಉಳಿದಷ್ಟು ಕಾಲ, ‘ಹೇಗೂ ಎತ್ತುವ ಊರು’ ಎಂಬ ಲೆಕ್ಕದಲ್ಲಿ ಅಲ್ಲಿ ಗಟ್ಟಿಯಾದ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ಐಹೊಳೆಗೆ ಆಗಿರುವ ದೊಡ್ಡ ಅನ್ಯಾಯ ಇದೇ ಎಂಬುದು ನನ್ನ ವಾದ. ಸ್ಥಳಾಂತರ ಆಗಲಿ, ಬಿಡಲಿ, ಅದು ತೀರ್ಮಾನವಾಗುವ ತನಕ ಊರಿನ ಚರಂಡಿ, ಶೌಚಾಲಯ, ಕುಡಿಯುವ ನೀರು, ಸೋರುವ ಮನೆಯ ದುರಸ್ತಿ ಕಾಯುತ್ತ ಕೂರಬಾರದು. ಈ ಕೆಲಸಗಳು ಗುಡಿಗಳ ಸಂರಕ್ಷಣೆಗೆ ಅಡ್ಡ ಬರುತ್ತವೆ ಎಂದು ತಿಳಿಯುವುದು ತಪ್ಪು. ಸಂರಕ್ಷಣೆ ಶುರುವಾಗಬೇಕಾದದ್ದೇ ಇವುಗಳಿಂದ.

ಊರನ್ನು ಎತ್ತುವ ಮಾತಿನ ಹಿಂದೆ ಒಂದು ಕಲ್ಪನೆ ಕೆಲಸ ಮಾಡುತ್ತದೆ: ಗುಡಿಗಳು ಮೊದಲು ಬಂದವು, ಜನ ಆಮೇಲೆ ಬಂದು ನುಗ್ಗಿದರು ಎಂಬುದು. ಐಹೊಳೆಯ ಇತಿಹಾಸ ಇದನ್ನು ಒಪ್ಪುವುದಿಲ್ಲ. ಮೇಗುತಿ ಗುಡ್ಡದ ಮೇಲೆ, ಜೈನ ಬಸದಿಯ ಹಿಂದಿನ ಬಯಲಿನಲ್ಲಿ, ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ. ಚಾಲುಕ್ಯರು ಬಾದಾಮಿಯಲ್ಲಿ ಕೋಟೆ ಕಟ್ಟುವುದಕ್ಕೂ ಎಷ್ಟೋ ಶತಮಾನ ಮೊದಲೇ ಇಲ್ಲಿ ಜನ ಬದುಕಿ, ಸತ್ತು, ಸತ್ತವರಿಗೆ ಕಲ್ಲು ಎತ್ತಿ ನಿಲ್ಲಿಸಿದ್ದರು. ಅದೇ ಗುಡ್ಡದ ಇಳಿಜಾರಿನಲ್ಲಿ ಎರಡಂತಸ್ತಿನ ಬೌದ್ಧ ಚೈತ್ಯವಿದೆ. ನೆತ್ತಿಯ ಮೇಲಿನ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಸಂಗತಿಗೆ ಮುಖ್ಯ ಸಾಕ್ಷಿ ಅದು. ಅದರಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡಿರುವುದರಿಂದ, ಆ ಕವಿಗಳು 634ಕ್ಕಿಂತ ಈಚಿನವರಲ್ಲ ಎಂದು ವಿದ್ವಾಂಸರು ಗಟ್ಟಿಯಾಗಿ ಹೇಳಲು ಸಾಧ್ಯವಾಯಿತು. ಒಂದೇ ಗುಡ್ಡ ಇಷ್ಟನ್ನು ಹೊತ್ತಿದೆ. ಕೆಳಗಿನ ಊರು ಹೊತ್ತಿರುವುದು ಇನ್ನೂ ಹೆಚ್ಚು. ರಾವಣಫಡಿಯ ಗುಹೆಯಿಂದ ಹಿಡಿದು ಗಜಪೃಷ್ಠದ ದುರ್ಗ ಗುಡಿಯವರೆಗೆ, ಚಪ್ಪಟೆ ಚಾವಣಿಯ ಲಾಡಖಾನ ಗುಡಿಯಿಂದ ಶಿಖರ ಹೊತ್ತ ಹುಚ್ಚಿಮಲ್ಲಿ ಗುಡಿಯವರೆಗೆ, ಕಲ್ಲುಕುಟಿಗರು ಇಲ್ಲಿ ಒಂದು ಬಗೆಯಲ್ಲಿ ಕಟ್ಟಿ ನೋಡಿ, ಮತ್ತೊಂದು ಬಗೆಯಲ್ಲಿ ಕಟ್ಟಿ ನೋಡಿ ಕೈ ಪಳಗಿಸಿಕೊಂಡರು. ಅವರು ಉಂಡು ಮಲಗಿದ್ದು ಎಲ್ಲಿ? ಇದೇ ಊರಿನಲ್ಲಿ, ಇದೇ ಓಣಿಗಳ ಆಸುಪಾಸಿನಲ್ಲಿ.

ಐಹೊಳೆ ಬರೀ ಗುಡಿ ಕಟ್ಟಿದ ಊರೂ ಅಲ್ಲ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ಹೆಸರು ಪಡೆದದ್ದು ಈ ಊರಿನಿಂದ. ಕರ್ನಾಟಕದ ಉದ್ದಗಲಕ್ಕೂ, ತಮಿಳು ಮತ್ತು ತೆಲುಗು ನಾಡುಗಳಲ್ಲೂ, ಶ್ರೀಲಂಕಾದಲ್ಲೂ ಈ ಸಂಘದ ಶಾಸನಗಳು ಸಿಕ್ಕಿವೆ. ಸುಮಾತ್ರಾ ದ್ವೀಪದ ಬಾರುಸ್ ಬಳಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರು ಇದ್ದಾರೆ. ಸಂಘದ ಬಹುಪಾಲು ಸದಸ್ಯರು ಮಲಪ್ರಭೆಯ ನೀರನ್ನೇ ಕಾಣದವರಿರಬಹುದು. ಆದರೂ ಕಡಲಾಚೆ ಹೋಗುವಾಗ ಈ ಊರಿನ ಹೆಸರನ್ನು ಬಿಟ್ಟು ಹೋಗಲಿಲ್ಲ. ಹೀಗೆ ಹುಟ್ಟಿ ಬೆಳೆದ ಊರಿನ ಒಕ್ಕಲುಗಳನ್ನು, ತಮ್ಮ ಊರಿನ ಸ್ಮಾರಕಕ್ಕೆ ತಾವೇ ಒತ್ತುವರಿದಾರರು ಎಂಬಂತೆ ಕಾಣುವುದು ಇತಿಹಾಸವನ್ನು ತಲೆಕೆಳಗಾಗಿ ಓದಿದಂತೆ.

ಗುಡಿಗಳ ಹೆಸರುಗಳನ್ನೇ ನೋಡಿ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ. ಲಾಡಖಾನ ಗುಡಿಗೆ ಹೆಸರು ಬಂದದ್ದು ಅದರಲ್ಲಿ ವಾಸವಿದ್ದ ವ್ಯಕ್ತಿಯಿಂದ. ದೇವರಿಗಿಂತ ಒಳಗಿದ್ದ ಮನುಷ್ಯರ, ಪಕ್ಕದ ಒಕ್ಕಲುಗಳ ಹೆಸರೇ ನಿಂತುಹೋಗಿದೆ. ಇಪ್ಪತ್ತನೇ ಶತಮಾನ ಬಂದ ಮೇಲೂ ಹಲವು ಗುಡಿಗಳೊಳಗೆ ಸಂಸಾರಗಳಿದ್ದವು. ಇದರಿಂದ ಕೆಡುಕಾಗಿಲ್ಲ ಎಂದು ಯಾರೂ ಹೇಳಲಾರರು. ಒಲೆಯ ಹೊಗೆ ಕೆತ್ತನೆಗೆ ಹತ್ತಿದೆ, ಗೋಡೆಗೆ ಮೊಳೆ ಬಿದ್ದಿದೆ, ಕುಳ್ಳು ತಟ್ಟಿದ್ದಾರೆ, ಬಿದ್ದ ಗುಡಿಯ ಕೆತ್ತಿದ ಕಲ್ಲು ಯಾರದೋ ಮನೆಯ ಮೆಟ್ಟಿಲಾಗಿದೆ. ಆದರೆ ಇನ್ನೊಂದು ಮಗ್ಗಲೂ ಇದೆ. ದೇವರೇ ಇಲ್ಲದೆ, ದತ್ತಿಯಿಲ್ಲದೆ, ಪೂಜಾರಿಯಿಲ್ಲದೆ ಬರಿದಾದ ಗುಡಿಯಲ್ಲಿ ಜನ ಇದ್ದದ್ದರಿಂದಲೇ ಚಾವಣಿಯ ಬಿರುಕಿಗೆ ಮಣ್ಣು ಬಿತ್ತು, ಗೋಡೆಯಲ್ಲಿ ಆಲ, ಅರಳಿ ಬೇರೂರಲಿಲ್ಲ. ಊರ ಹೊರಗೆ ಯಾರ ಕಣ್ಣೂ ಬೀಳದ ಗುಡಿಗಳಿಗೆ ನಿಧಿಗಳ್ಳರ ಹಾರೆ ಬಿದ್ದದ್ದು ಈ ಸೀಮೆಯವರಿಗೆ ಹೊಸ ಸುದ್ದಿಯೇನಲ್ಲ. ಕಾವಲುಗಾರನ ಪಾಳಿ ಮುಗಿದ ಮೇಲೂ ಕಣ್ಣು ತೆರೆದಿರುವುದು ಪಕ್ಕದ ಮನೆಯವರದು.

ಈಗ ಕಾಯ್ದೆಯ ಮಾತಿಗೆ ಬರೋಣ. ಐಹೊಳೆಯವರ ದಿನನಿತ್ಯದ ಬದುಕನ್ನು ಗ್ರಾಮ ಪಂಚಾಯಿತಿಗಿಂತ ಹೆಚ್ಚಾಗಿ ಆಳುತ್ತಿರುವುದು ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆ. 1992ರ ಜೂನ್ 16ರ ಅಧಿಸೂಚನೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶ ಎಂದು ಸಾರಿತು. 2010ರ ತಿದ್ದುಪಡಿ ಅದನ್ನು ಕಾಯ್ದೆಯೊಳಕ್ಕೆ ತಂದು, ಉಲ್ಲಂಘಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಎಂದು ಬಿಗಿ ಮಾಡಿತು. ಬಯಲಿನಲ್ಲಿ ಒಂಟಿಯಾಗಿ ನಿಂತ ಒಂದು ಸ್ಮಾರಕಕ್ಕೆ ಇದು ಸರಿಯಾದ ಅಳತೆಯೇ. ಐಹೊಳೆಯಲ್ಲಿ ಲೆಕ್ಕ ಹಾಕಿ ನೋಡಿ. ಒಂದು ಬಿಂದುವಿನ ಸುತ್ತ 100 ಮೀಟರ್ ಎಂದರೆ ಏಳೂವರೆ ಎಕರೆಗೂ ಮಿಕ್ಕ ಜಾಗ; 300 ಮೀಟರ್ ಎಂದರೆ ಸುಮಾರು 70 ಎಕರೆ. ಅಳತೆ ಶುರುವಾಗುವುದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಆವರಣದ ಗಡಿಯಿಂದ, ಆದ್ದರಿಂದ ಜಾಗ ಇನ್ನೂ ಹಿಗ್ಗುತ್ತದೆ. ಓಣಿಗೊಂದು ಗುಂಪು ಗುಡಿಗಳಿರುವ ಊರಿನಲ್ಲಿ ಈ ವರ್ತುಲಗಳು ಒಂದರ ಮೇಲೊಂದು ಬಿದ್ದಾಗ ಊರಿಗೆ ಉಳಿಯುವುದೇನು? ಅಣ್ಣತಮ್ಮಂದಿರು ಪಾಲಾದರೆ ಇನ್ನೊಂದು ಕೋಣೆ ಹಾಕುವಂತಿಲ್ಲ. ಹಿತ್ತಲಲ್ಲಿ ಹೊಸ ಗೋಡೆ ಎಬ್ಬಿಸುವಂತಿಲ್ಲ. ಬಡವರಿಗೆ ಮನೆ ಕಟ್ಟಿಕೊಡುವ ಸರ್ಕಾರಿ ಯೋಜನೆಗಳು ಎಷ್ಟೇ ಇದ್ದರೂ, ಅವೆಲ್ಲ ಹೊಸದಾಗಿ ಕಟ್ಟುವುದಕ್ಕೆ ಕೊಡುವ ಹಣ. ಕಟ್ಟುವುದೇ ನಿಷಿದ್ಧವಾದ ಕಡೆ ಅದನ್ನು ಬಳಸುವುದು ಹೇಗೆ? ಮಣ್ಣಿನ ಮಾಳಿಗೆಯ ಮನೆ ಎಂದರೆ ಮಳೆಗಾಲಕ್ಕೆ ಮೊದಲು ಮೇಲ್ಮಣ್ಣು ಹಾಕಿ ಸರಿಮಾಡಲೇಬೇಕಾದ ಮನೆ. ಜಂತಿ ಮುರಿದರೆ ಬದಲಿಸಬೇಕು, ಗೋಡೆ ಉಬ್ಬಿದರೆ ಬಿಚ್ಚಿ ಕಟ್ಟಬೇಕು. ಎಲ್ಲಿಯವರೆಗೆ ದುರಸ್ತಿ, ಎಲ್ಲಿಂದ ಮುಂದೆ ಅಪರಾಧ ಎಂಬುದು ತಿಳಿಯದೆ ಮನೆಯೊಡೆಯ ಕೈಕಟ್ಟಿ ಕೂತರೆ ಅಚ್ಚರಿಯಿಲ್ಲ.

ಆದರೆ ಇದೇ ಕಾಯ್ದೆಯಲ್ಲಿ, ಹೆಚ್ಚಿನವರ ಗಮನಕ್ಕೆ ಬಾರದ ಒಂದು ಜಾಗವಿದೆ. ‘ನಿರ್ಮಾಣ’ ಎಂದರೆ ಏನು ಎಂದು ಎರಡನೇ ಸೆಕ್ಷನ್ನಿನಲ್ಲಿ ಹೇಳುವಾಗ, ಯಾವುದು ನಿರ್ಮಾಣವಲ್ಲ ಎಂಬುದನ್ನೂ ಹೇಳಿದ್ದಾರೆ. ಇದ್ದ ಕಟ್ಟಡದ ದುರಸ್ತಿ, ನವೀಕರಣ ಅದರಲ್ಲಿ ಸೇರುವುದಿಲ್ಲ. ಚರಂಡಿ ಕಟ್ಟುವುದು, ಅದನ್ನು ಸ್ವಚ್ಛವಾಗಿಡುವುದು ಸೇರುವುದಿಲ್ಲ. ಸಾರ್ವಜನಿಕ ಶೌಚಾಲಯ ಸೇರುವುದಿಲ್ಲ. ಜನರಿಗೆ ಕುಡಿಯುವ ನೀರು ಒದಗಿಸುವ ಕಾಮಗಾರಿ, ವಿದ್ಯುತ್ ಪೂರೈಕೆ ಕೂಡ ಸೇರುವುದಿಲ್ಲ. 1992ಕ್ಕೆ ಮೊದಲಿನ ಮನೆ ನಿಷೇಧಿತ ಪ್ರದೇಶದಲ್ಲೇ ಇದ್ದರೂ ದುರಸ್ತಿಗೆ ಅರ್ಜಿ ಹಾಕುವ ಹಕ್ಕು ಒಡೆಯನಿಗಿದೆ. ಅರ್ಜಿ ಯಾವ ಹಂತದಲ್ಲಿ ಎಷ್ಟು ದಿನದೊಳಗೆ ಮುಂದೆ ಹೋಗಬೇಕು ಎಂಬ ಗಡುವನ್ನೂ ಕಾಯ್ದೆಯೇ ಕೊಟ್ಟಿದೆ. ಎಂದರೆ, ಊರಿನ ಕನಿಷ್ಠ ಸೌಕರ್ಯಕ್ಕೆ ಅಡ್ಡ ನಿಂತಿರುವುದು ಕಾಯ್ದೆ ಎಂದು ಹೇಳಿ ಕೈತೊಳೆದುಕೊಳ್ಳುವ ದಾರಿ ಯಾವ ಇಲಾಖೆಗೂ ಇಲ್ಲ. ಅಗೆಯುವಾಗ ನೆಲದಡಿ ಹಳೆಯ ಅಡಿಪಾಯ ಸಿಗಬಹುದು, ನಿಜ. ಅಂಬಿಗೇರ ಗುಡಿಯ ಬಳಿ ಅಗೆದಾಗ ಚಾಲುಕ್ಯರಿಗಿಂತ ಹಳೆಯ ಇಟ್ಟಿಗೆ ಕಟ್ಟಡ ಸಿಕ್ಕಿದ್ದು ಗೊತ್ತೇ ಇದೆ. ಹಾಗಾಗಿಯೇ ಪಂಚಾಯಿತಿಯ ಗುತ್ತಿಗೆದಾರ ಅಗೆಯುವ ಜಾಗದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಜ್ಞರು ನಿಂತಿರಬೇಕು. ಅವರ ಧಾರವಾಡ ವಲಯ ಕಚೇರಿ ದೂರದಲ್ಲೇನೂ ಇಲ್ಲ.

ಚರಂಡಿಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಐಹೊಳೆಯ ಗುಡಿಗಳು ಮರಳುಗಲ್ಲಿನವು. ಕೆಂಪು, ನಸುಹಳದಿ ಬಣ್ಣದ ಈ ಕಲ್ಲು ಕೆತ್ತನೆಗೆ ಒಗ್ಗುವುದಕ್ಕೆ ಕಾರಣವಾದ ಗುಣವೇ, ಅಂದರೆ ಅದರ ಹರಳುಗಳ ನಡುವಿನ ಸಣ್ಣ ಸಂದುಗಳೇ, ನೀರನ್ನೂ ಹೀರುತ್ತವೆ. ಬಚ್ಚಲ ನೀರು, ದನದ ಗಂಜಲ, ಪಾತ್ರೆ ತೊಳೆದ ನೀರು ಬುಡದಲ್ಲಿ ನಿಂತರೆ, ತೇವ ಕಲ್ಲಿನೊಳಗೆ ಮೇಲಕ್ಕೇರುತ್ತದೆ. ಜೊತೆಗೆ ಉಪ್ಪಿನಂಶವನ್ನೂ ಹೊತ್ತೊಯ್ಯುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಮೇಲ್ಮೈಯ ಹಿಂದೆಯೇ ಹರಳುಗಟ್ಟಿ ಹಿಗ್ಗುತ್ತದೆ. ಹೀಗೆ ವರ್ಷ ವರ್ಷ ನಡೆದಾಗ ಕಲ್ಲು ಹಕ್ಕಳೆಯಾಗಿ ಉದುರುತ್ತದೆ. ಅಧಿಷ್ಠಾನದ ಪಟ್ಟಿಕೆಯ ಗಣಗಳು, ಹಂಸಗಳು, ಬಳ್ಳಿಗಳು ಮುಖ ಕಳೆದುಕೊಳ್ಳುವುದು ಹೀಗೆ. ಮೇಲೆ ರಾಸಾಯನಿಕದಿಂದ ತೊಳೆದು, ಸುತ್ತ ತಂತಿ ಬೇಲಿ ಹಾಕಿ, ಹುಲ್ಲುಹಾಸು ಬೆಳೆಸಿದರೆ ಈ ರೋಗ ವಾಸಿಯಾಗುವುದಿಲ್ಲ. ನೀರು ಬೇರೆಡೆ ಹರಿದರೆ ಮಾತ್ರ ವಾಸಿಯಾಗುತ್ತದೆ. ಓಣಿಯ ಇಳಿಜಾರು ನೋಡಿ ಕಟ್ಟಿದ ಒಂದು ಮುಚ್ಚುಚರಂಡಿ, ಊರ ಹೊರಗೆ ಕೊಳಚೆ ನೀರನ್ನು ತಿಳಿಗೊಳಿಸುವ ಹೊಂಡ, ಇವುಗಳಿಂದ ಗುಡಿಗಾಗುವ ಉಪಕಾರ ಬಹಳ ದೊಡ್ಡದು. ಆ ಓಣಿಯ ಮಕ್ಕಳಿಗೆ ಸೊಳ್ಳೆ ಕಡಿಮೆಯಾಗುವುದು ಅದರ ಜೊತೆಗೇ ಬರುವ ಲಾಭ.

ಇಲ್ಲಿ ಬಲವಾದ ಒಂದು ಆಕ್ಷೇಪ ಏಳುತ್ತದೆ. ಐಹೊಳೆಯ ಬಹಳಷ್ಟು ಮಂದಿಯೇ ‘ನಮ್ಮನ್ನು ಸ್ಥಳಾಂತರ ಮಾಡಿ’ ಎಂದು ಕೇಳುತ್ತಿರುವಾಗ, ಹೊರಗಿನವರು ‘ಬೇಡ’ ಎನ್ನುವುದು ಯಾವ ನ್ಯಾಯ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೋಗಬೇಕು ಎನ್ನುವವರಿಗೆ ಹೋಗುವ ಹಕ್ಕಿದೆ. ಆದರೆ ಆ ಬೇಡಿಕೆ ಹುಟ್ಟಿದ್ದು ಹೇಗೆ ಎಂಬುದನ್ನೂ ಕೇಳಬೇಕು. ಮೂವತ್ತು ವರ್ಷ ಮನೆ ರಿಪೇರಿಗೆ ಬಿಡದೆ, ಚರಂಡಿ ಕೊಡದೆ, ಶೌಚಾಲಯಕ್ಕೆ ಜಾಗ ಇಲ್ಲ ಎಂದು ಹೇಳಿ, ಕೊನೆಗೆ ‘ಇಲ್ಲೇ ಇರುತ್ತೀರೋ, ಹೋಗುತ್ತೀರೋ’ ಎಂದು ಕೇಳಿದರೆ ಯಾರಾದರೂ ಹೋಗುತ್ತೇವೆ ಎನ್ನುತ್ತಾರೆ. ಅದು ಉಸಿರುಕಟ್ಟಿದವರ ಮಾತು. ಅದನ್ನು ಮನಃಪೂರ್ವಕ ಒಪ್ಪಿಗೆ ಎಂದು ಕಡತದಲ್ಲಿ ಬರೆದುಕೊಳ್ಳುವುದು ಸರಿಯಲ್ಲ. ಸೌಕರ್ಯ ಸಿಕ್ಕ ಮೇಲೆ, ದುರಸ್ತಿಯ ಪರವಾನಗಿ ಸಲೀಸಾದ ಮೇಲೆ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ಆಗ ಬರುವ ಉತ್ತರಕ್ಕೆ ಎಲ್ಲರೂ ತಲೆಬಾಗಬೇಕು.

ಸ್ಥಳಾಂತರ ಎಂದರೇನು ಎಂದು ಬಾಗಲಕೋಟೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ನವನಗರವೇ ಹಾಗೆ ಹುಟ್ಟಿದ ಊರು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ದಂಡೆಯ ಹಳೇ ಬಾಗಲಕೋಟೆಯ ಓಣಿಗಳನ್ನು ನುಂಗುತ್ತದೆ ಎಂದು ಖಚಿತವಾದ ಮೇಲೆ, ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಹೊಸ ನಗರದ ನಕ್ಷೆ ಮಾಡಿದರು. ಯುನಿಟ್, ಸೆಕ್ಟರ್ ಎಂದು ಲೆಕ್ಕ ಹಾಕಿ ನಿವೇಶನ ಹಂಚಿದರು. ಅಗಲ ರಸ್ತೆ, ಉದ್ಯಾನ, ಶಾಲೆಗೆ ಜಾಗ ಎಲ್ಲವೂ ಬಂತು. 1997ರಲ್ಲಿ ಜಿಲ್ಲೆಯಾದ ಮೇಲೆ ಕಚೇರಿಗಳು ಬಂದದ್ದರಿಂದ ನಗರಕ್ಕೆ ಜೀವ ತುಂಬಿತು. ಇದನ್ನು ಸೋಲು ಎನ್ನಲಾಗದು. ಆದರೆ ಎರಡು ಸಂಗತಿ ಮರೆಯುವಂತಿಲ್ಲ. ಇಷ್ಟೆಲ್ಲ ಆದದ್ದು ಒಂದೆರಡು ವರ್ಷದಲ್ಲಲ್ಲ. ಒಂದು ತಲೆಮಾರು ‘ಮುಳುಗಡೆ ಸಂತ್ರಸ್ತರು’ ಎಂಬ ಹೆಸರಿನಲ್ಲೇ ನಡುವಯಸ್ಸು ಕಳೆಯಿತು, ಮುಂದಿನ ಹಂತದ ಮುಳುಗಡೆಯ ಪರಿಹಾರದ ಮಾತು ಇಂದಿಗೂ ಮುಗಿದಿಲ್ಲ. ಎರಡನೆಯದು, ಹೊಸ ನಗರ ಬಂದರೂ ಹಳೆಯ ಊರಿನ ಪೇಟೆ ಹಳೆಯ ಊರಿನಲ್ಲೇ ಉಳಿಯಿತು. ಸಂತೆ, ಸರಾಫರ ಅಂಗಡಿ, ಬಟ್ಟೆ ಅಂಗಡಿ ಎಂದರೆ ಈಗಲೂ ಜನ ಹಳೇ ಊರಿಗೇ ಹೋಗುತ್ತಾರೆ. ಮನೆಗಳನ್ನು ಒಯ್ಯಬಹುದು, ನೂರು ವರ್ಷದ ವ್ಯಾಪಾರದ ನಂಟು ಲಾರಿಗೆ ಹತ್ತುವುದಿಲ್ಲ. ಇಷ್ಟಾಗಿಯೂ ಬಾಗಲಕೋಟೆಗೆ ಬೇರೆ ದಾರಿ ಇರಲಿಲ್ಲ, ಏಕೆಂದರೆ ನೀರು ಬರುತ್ತಿತ್ತು. ಐಹೊಳೆಗೆ ಜಲಾಶಯದ ನೀರು ಬರುತ್ತಿಲ್ಲ. ಮತ್ತೊಂದು ದೊಡ್ಡ ವ್ಯತ್ಯಾಸ ಎಂದರೆ, ನವನಗರ ಒಂದು ಜಿಲ್ಲಾ ಕೇಂದ್ರದ ಬಲ ಪಡೆಯಿತು. ಐಹೊಳೆಯ ಹೊಸ ಬಡಾವಣೆಗೆ ಅಂಥ ಬಲ ಎಲ್ಲಿಂದ ಬರಬೇಕು?

ಹಳ್ಳಿಯೊಂದನ್ನು ಎತ್ತಿದರೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಸಾಕ್ಷಿ 2009ರ ನೆರೆಯ ನಂತರದ ಆಸರೆ ಮನೆಗಳು. ಆ ವರ್ಷದ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ, ದಾನಿಗಳ ನೆರವಿನಿಂದ ಎತ್ತರದ ಜಾಗಗಳಲ್ಲಿ ಸಾಲು ಸಾಲಾಗಿ ಮನೆ ಕಟ್ಟಿದರು. ಉದ್ದೇಶ ಒಳ್ಳೆಯದಿತ್ತು, ಹಣವೂ ಇತ್ತು. ಆದರೂ ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ದಂಡೆಯ ಎಷ್ಟೋ ಕಡೆ ಆ ಮನೆಗಳು ಖಾಲಿ ಬಿದ್ದವು, ಜನ ಹಳೆಯ ಊರಿಗೇ ಮರಳಿದರು. ಜಾಲಿ ಕಂಟಿ ಬೆಳೆದ ಆಸರೆ ಕಾಲೊನಿಗಳ ಚಿತ್ರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂತು. ಕಾರಣ ಸರಳ. ಆ ಮನೆಯಲ್ಲಿ ದಂದಕ್ಕಿ ಇರಲಿಲ್ಲ, ಎತ್ತು ಎಮ್ಮೆ ಕಟ್ಟಲು ಜಾಗವಿಲ್ಲ, ಬಣವಿ ಒಟ್ಟಲು ಹಿತ್ತಲಿಲ್ಲ, ಹೊಲ ಮೈಲು ದೂರ. ರೈತನ ಮನೆ ಎಂದರೆ ಮನುಷ್ಯರು ಮಲಗುವ ಎರಡು ಕೋಣೆ ಎಂದು ತಿಳಿದವರು ಮಾಡಿದ ನಕ್ಷೆ ಅದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಾಗ, ಹತ್ತು ವರ್ಷದ ಹಿಂದೆ ಸ್ಥಳಾಂತರಗೊಂಡಿರಬೇಕಿದ್ದ ಎಷ್ಟೋ ಕುಟುಂಬಗಳು ಹಳೆಯ ಮನೆಯಿಂದಲೇ ಗಂಟುಮೂಟೆ ಹೊತ್ತು ಹೊರಬಂದವು. ಐಹೊಳೆಯ ಸ್ಥಳಾಂತರದ ನಕ್ಷೆಯನ್ನು ಯಾರೇ ಬರೆಯಲಿ, ಮೊದಲು ಒಂದು ಖಾಲಿ ಆಸರೆ ಕಾಲೊನಿಗೆ ಹೋಗಿ ಬರಲಿ.

ವಿಶ್ವ ಪರಂಪರೆಯ ಪಟ್ಟ ಸಿಗಬೇಕಾದರೆ ಊರು ಖಾಲಿಯಾಗಲೇಬೇಕು ಎಂಬುದು ಇನ್ನೊಂದು ವಾದ. ಪಟ್ಟದಕಲ್ಲಿಗೆ 1987ರಲ್ಲಿ ಆ ಮನ್ನಣೆ ಸಿಕ್ಕಿತು. ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳನ್ನು ಒಟ್ಟಾಗಿ ಸೇರಿಸಿದ ಪ್ರಸ್ತಾವ 2015ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದೆ. ಆದರೆ ಯುನೆಸ್ಕೊದ ನಡೆ ಈ ವಾದವನ್ನು ಬೆಂಬಲಿಸುವುದಿಲ್ಲ. 1999ರಲ್ಲಿ ಹಂಪಿಯನ್ನು ‘ಅಪಾಯದಲ್ಲಿರುವ ಪರಂಪರೆ’ಯ ಪಟ್ಟಿಗೆ ಸೇರಿಸಿದ್ದು ಸರ್ಕಾರವೇ ಕಟ್ಟಲು ಹೊರಟ ಸೇತುವೆಗಳ ಕಾರಣಕ್ಕೆ, ಅಲ್ಲಿ ಬದುಕಿದ್ದ ಜನರ ಕಾರಣಕ್ಕಲ್ಲ. 2007ರಲ್ಲಿ ವಿಶ್ವ ಪರಂಪರೆ ಸಮಿತಿ ತನ್ನ ಮುಖ್ಯ ಗುರಿಗಳ ಸಾಲಿಗೆ ಸ್ಥಳೀಯ ಸಮುದಾಯದ ಪಾತ್ರವನ್ನೂ ಸೇರಿಸಿತು. ಇಷ್ಟಾದ ಮೇಲೂ 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಕುಟುಂಬಗಳ ಮನೆ, ಅಂಗಡಿಗಳಿಗೆ ಬುಲ್ಡೋಜರ್ ಹರಿಯಿತು. ಬದಲಿ ಜಾಗವೆಂದು ತೋರಿಸಿದ ಕಡ್ಡಿರಾಂಪುರದಲ್ಲಿ ನೆಲೆಯೂರಲು ಆ ಜನ ವರ್ಷಗಟ್ಟಲೆ ಒದ್ದಾಡಬೇಕಾಯಿತು. ವಿರೂಪಾಕ್ಷನ ತೇರುಬೀದಿಯ ಎರಡು ಬದಿಗೂ ಇದ್ದ ಬಜಾರು ಹೋಯಿತು. ವಿಜಯನಗರದ ಬಜಾರನ್ನು ಉಳಿಸುತ್ತೇವೆಂದು ಹೊರಟು ಬಜಾರು ನಡೆಸುವವರನ್ನೇ ತೆಗೆದುಹಾಕಿದ ಆ ದಾರಿ ಐಹೊಳೆಗೆ ಬೇಡ.

ಊರೂ ಸ್ಮಾರಕವೂ ಒಂದರೊಳಗೊಂದು ಹೆಣೆದುಕೊಂಡ ಕಡೆ ಜಗತ್ತಿನಲ್ಲಿ ಬೇರೆಯವರು ಏನು ಮಾಡಿದರು? ಇಂಗ್ಲೆಂಡಿನ ವಿಲ್ಟ್‌ಶೈರಿನಲ್ಲಿ ಎವ್‌ಬರಿ ಎಂಬ ಪುಟ್ಟ ಹಳ್ಳಿ ಇದೆ. ನಾಲ್ಕೂವರೆ ಸಾವಿರ ವರ್ಷ ಹಿಂದಿನ ಬೃಹತ್ ಕಲ್ಲುವೃತ್ತದ ಒಳಗೇ ಅದರ ಮನೆಗಳಿವೆ, ರಸ್ತೆ ವೃತ್ತವನ್ನು ಸೀಳಿಕೊಂಡೇ ಹೋಗುತ್ತದೆ. ಐಹೊಳೆಯವರಿಗಿಂತ ದೊಡ್ಡ ಹಾನಿಯನ್ನು ಆ ಊರಿನವರು ಮಾಡಿದ್ದರು. ಹದಿನೇಳು, ಹದಿನೆಂಟನೇ ಶತಮಾನದಲ್ಲಿ ಆ ಕಲ್ಲುಗಳನ್ನು ಬೆಂಕಿಯಲ್ಲಿ ಕಾಯಿಸಿ, ಒಡೆದು, ಮನೆಗೆ ಬಳಸಿಕೊಂಡದ್ದನ್ನು ವಿಲಿಯಂ ಸ್ಟುಕ್ಲಿ ಎಂಬ ವಿದ್ವಾಂಸ ಕಣ್ಣಾರೆ ಕಂಡು ಬರೆದಿಟ್ಟ. 1930ರ ದಶಕದಲ್ಲಿ ಅಲೆಕ್ಸಾಂಡರ್ ಕೀಲರ್ ಎಂಬ ಸಿರಿವಂತ ಜಾಗ ಕೊಂಡು, ಕೆಲವು ಮನೆ ಕೆಡವಿಸಿ, ಮಣ್ಣಲ್ಲಿ ಹೂತಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಿದ. 1943ರಲ್ಲಿ ಆಸ್ತಿ ನ್ಯಾಷನಲ್ ಟ್ರಸ್ಟಿನ ಕೈಗೆ ಬಂತು. ಆದರೂ ಊರು ಪೂರ್ತಿ ಅಳಿಯಲಿಲ್ಲ. ಇವತ್ತು ಎವ್‌ಬರಿಯಲ್ಲಿ ಚರ್ಚು ಇದೆ, ಪಬ್ಬು ಇದೆ, ಅಂಗಡಿ ಇದೆ, ಜನರಿರುವ ಮನೆಗಳಿವೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಲು ಇದ್ಯಾವುದೂ ಅಡ್ಡಿಯಾಗಲಿಲ್ಲ. ಇಟಲಿಯ ಮತೇರಾದ ಕಥೆ ಇನ್ನೊಂದು ಬಗೆಯದು. ಬಂಡೆ ಕೊರೆದ ಮನೆಗಳಲ್ಲಿ ದನಕರುಗಳ ಜೊತೆ ಬದುಕಿದ್ದ ಸುಮಾರು 15,000 ಜನರನ್ನು 1952ರ ಕಾನೂನಿನ ಬಲದಿಂದ ಹೊಸ ಬಡಾವಣೆಗಳಿಗೆ ಸಾಗಿಸಿದರು. ಹಳೆಯ ಊರು ಜನರಿಲ್ಲದೆ ಕುಸಿಯತೊಡಗಿತು. ಮೂವತ್ತು ನಾಲ್ಕು ವರ್ಷದ ನಂತರ, 1986ರಲ್ಲಿ, ಅಲ್ಲಿಗೆ ಮತ್ತೆ ಜನವಸತಿ ತರಲೆಂದು ಇನ್ನೊಂದು ಕಾನೂನು ಮಾಡಬೇಕಾಯಿತು.

ಹಾಗಾದರೆ ಒಂದು ಮನೆಯನ್ನೂ ಮುಟ್ಟಬಾರದೇ? ಹಾಗೆ ಹೇಳಿದರೆ ಗುಡಿಗಳಿಗೆ ಮೋಸ ಮಾಡಿದಂತೆ. ಗರ್ಭಗುಡಿಯ ಗೋಡೆಯನ್ನೇ ತನ್ನ ಗೋಡೆ ಮಾಡಿಕೊಂಡ ಮನೆ, ಭಾರ ಹೊರಲಾರದ ಹಳೆಯ ತೊಲೆಯ ಮೇಲೆ ನಿಂತ ಮಾಳಿಗೆ, ಉತ್ಸವ ಬಂದರೆ ತೇರಿಗೂ ಜಾಗ ಬಿಡದ ಇಕ್ಕಟ್ಟು, ಇಂಥವು ತೆರವಾಗಲೇಬೇಕು. ಆದರೆ ಅಂಥವು ಯಾವುವು ಎಂದು ಮನೆಮನೆ ನೋಡಿ ಗುರುತಿಸಿ, ಆ ಒಕ್ಕಲಿಗೆ ಊರ ಸೆರಗಿನಲ್ಲೇ, ತನ್ನ ಹೊಲಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ದನಕ್ಕೂ ಬಣವಿಗೂ ಜಾಗವಿರುವ ಮನೆ ಕಟ್ಟಿ ಮುಗಿಸಿ, ಹಕ್ಕುಪತ್ರ ಕೈಗಿಟ್ಟ ಮೇಲೆ ಬೀಗ ಕೇಳಬೇಕು. 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನ, ಗ್ರಾಮಸಭೆಯ ಸಮಾಲೋಚನೆ ಎರಡನ್ನೂ ಕೇಳುತ್ತದೆ, ಅದರಂತೆಯೇ ನಡೆಯಲಿ. ಮನಸ್ಸು ಮಾಡಿದರೆ ಸರ್ಕಾರಕ್ಕೆ ಎಂಥ ಕೆಲಸ ಸಾಧ್ಯ ಎಂಬುದಕ್ಕೆ ಉದಾಹರಣೆ ಇದೇ ಸೀಮೆಯ ಕೂಡಲಸಂಗಮದಲ್ಲಿದೆ. ನಾರಾಯಣಪುರ ಜಲಾಶಯದ ಹಿನ್ನೀರು ಬಸವಣ್ಣನವರ ಐಕ್ಯಮಂಟಪವನ್ನು ಮುಳುಗಿಸುತ್ತದೆ ಎಂದಾಗ, ಅದನ್ನು ಕಿತ್ತು ಬೇರೆಡೆ ಒಯ್ಯಲಿಲ್ಲ. ಸುತ್ತ ಆಳದಿಂದ ಬಾವಿಯಂತೆ ಗೋಡೆ ಎಬ್ಬಿಸಿ, ನಡುವೆ ಮಂಟಪವನ್ನು ಇದ್ದ ಜಾಗದಲ್ಲೇ ಉಳಿಸಿಕೊಂಡರು. ನದಿಯ ನಡುವೆ ಅಷ್ಟು ಮಾಡಬಲ್ಲ ಎಂಜಿನಿಯರುಗಳಿಗೆ ಐಹೊಳೆಯ ಓಣಿಯ ಬಚ್ಚಲ ನೀರನ್ನು ತಿರುಗಿಸುವುದು ಕಷ್ಟವೇ?

ಇನ್ನು ಪ್ರವಾಸಿಗರ ಮಾತು. ಐಹೊಳೆಗೆ ಬರುವವರಲ್ಲಿ ಹೆಚ್ಚಿನವರು ದುರ್ಗ ಗುಡಿಯ ಆವರಣ, ಅಲ್ಲಿನ ವಸ್ತುಸಂಗ್ರಹಾಲಯ ನೋಡಿ, ಸಮಯವಿದ್ದರೆ ರಾವಣಫಡಿಗೆ ಹೋಗಿ, ಪಟ್ಟದಕಲ್ಲಿನ ದಾರಿ ಹಿಡಿಯುತ್ತಾರೆ. ಊರೊಳಗಿನ ಗುಡಿಗಳ ಕಡೆ ಅವರು ಕಾಲಿಡದಿರುವುದಕ್ಕೆ ಕಾಲಿಡಲಾಗದ ಓಣಿಯೂ ಒಂದು ಕಾರಣ. ಅವರು ತೆರುವ ಟಿಕೆಟ್ ಹಣ ಕೇಂದ್ರದ ಬೊಕ್ಕಸಕ್ಕೆ ಹೋಗುತ್ತದೆ, ನಿರ್ಬಂಧ ಮಾತ್ರ ಊರಿನ ಪಾಲಿಗೆ. ಅವರು ಒಂದು ರಾತ್ರಿ ಉಳಿದರೆ ಊರಿಗೆ ಆಗುವ ಲಾಭ ಬೇರೆ. ಎರಡು ಕೋಣೆ ಬಾಡಿಗೆಗೆ ಕೊಡಬಲ್ಲ ಮನೆ, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯೆ ಬಡಿಸುವ ಖಾನಾವಳಿ, ಅಮೀನಗಡದ ಕರದಂಟು, ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಇಟ್ಟು ಮಾರುವ ಅಂಗಡಿ, ಶಾಸನ ಓದಿ ಹೇಳಬಲ್ಲ ಊರಿನದೇ ಹುಡುಗ ಹುಡುಗಿಯರು, ಬಾಗಲಕೋಟೆ, ಬಾದಾಮಿ, ಹುನಗುಂದಗಳಿಂದ ಹೊತ್ತಿಗೆ ಸರಿಯಾಗಿ ಬರುವ ಬಸ್ಸು. ಇವೆಲ್ಲ ಪ್ರವಾಸಿಗೆ ಸೌಕರ್ಯ, ಊರವರಿಗೆ ದುಡಿಮೆ. ಊರನ್ನೇ ಎತ್ತಿದರೆ ಈ ದುಡಿಮೆ ಯಾರ ಪಾಲಾಗುತ್ತದೆ ಎಂಬುದನ್ನು ಹಂಪಿಯ ಸುತ್ತಲಿನ ರೆಸಾರ್ಟುಗಳನ್ನು ನೋಡಿದವರು ಊಹಿಸಬಹುದು.

ಕೆಲಸ ಎಲ್ಲಿಂದ ಶುರುವಾಗಬೇಕು? 2010ರ ತಿದ್ದುಪಡಿಯಲ್ಲೇ ದಾರಿಯಿದೆ. ಪ್ರತಿ ಸಂರಕ್ಷಿತ ಸ್ಮಾರಕಕ್ಕೂ, ಅದರ ಪರಿಸರಕ್ಕೆ ತಕ್ಕಂತೆ ಪರಂಪರೆ ಉಪವಿಧಿಗಳನ್ನು ಪರಿಣತ ಸಂಸ್ಥೆಗಳ ಜೊತೆ ಸಮಾಲೋಚಿಸಿ ರೂಪಿಸಬೇಕು ಎಂದು ಅದು ಹೇಳುತ್ತದೆ. ಐಹೊಳೆಯ ಒಂದೊಂದು ಗುಡಿ ಗುಂಪಿಗೂ, ಎಷ್ಟು ಎತ್ತರದ ಮನೆ ಇರಬಹುದು, ಯಾವ ಕಲ್ಲು, ಯಾವ ಮಾಳಿಗೆ, ಶೌಚಾಲಯ ಎಲ್ಲಿ, ಕೊಟ್ಟಿಗೆ ಎಲ್ಲಿ ಎಂದು ಸ್ಪಷ್ಟವಾಗಿ ಹೇಳುವ ಉಪವಿಧಿ ಕನ್ನಡದಲ್ಲಿ, ನಕ್ಷೆಯ ಸಮೇತ, ಪಂಚಾಯಿತಿಯ ಗೋಡೆಯ ಮೇಲಿರಬೇಕು. ದುರಸ್ತಿಗೆ ಅರ್ಜಿ ಹಾಕುವವನು ದೂರದ ಕಚೇರಿಗಳಿಗೆ ಅಲೆಯದೆ ಐಹೊಳೆಯಲ್ಲೇ ಅರ್ಜಿ ಕೊಟ್ಟು, ಗಡುವಿನೊಳಗೆ ಉತ್ತರ ಪಡೆಯುವಂತಿರಬೇಕು. ಟಿಕೆಟ್ ಆದಾಯದಷ್ಟೇ ಮೊತ್ತವನ್ನು ರಾಜ್ಯವಾಗಲಿ, ಕೇಂದ್ರವಾಗಲಿ ಪ್ರತಿವರ್ಷ ಪಂಚಾಯಿತಿಗೆ ಚರಂಡಿ ಮತ್ತು ನೈರ್ಮಲ್ಯಕ್ಕೆಂದೇ ಕೊಡಲಿ. ಚಾಲುಕ್ಯ ಉತ್ಸವದ ವೇದಿಕೆಗೆ, ದೀಪಕ್ಕೆ ಹಣ ಹೊಂದಿಸಬಲ್ಲ ಆಡಳಿತಕ್ಕೆ ಇದು ಭಾರವಾಗದು. ಐಹೊಳೆಯ ಮುಂದಿನ ಗ್ರಾಮಸಭೆಯಲ್ಲಿ ಪುರಾತತ್ವ ಇಲಾಖೆಯ ಅಧಿಕಾರಿ, ತಹಶೀಲ್ದಾರ್, ಪಂಚಾಯತ್ ರಾಜ್ ಎಂಜಿನಿಯರ್ ಮೂವರೂ ಊರ ನಕ್ಷೆ ಹರಡಿಕೊಂಡು ಕೂರಲಿ. ಯಾವ ಓಣಿಯ ಚರಂಡಿ ಯಾವ ತಿಂಗಳಲ್ಲಿ ಶುರು ಎಂಬುದನ್ನು ಅಲ್ಲೇ ಠರಾವು ಮಾಡಿ ಬರೆಯಲಿ.